ಗಾಳಿಯ ದೋಷಕ್ಕೆ ಕೂಲಿ ಕಡಿತವೇ?

ಗಿರಣಿಯ ದುರಸ್ತಿ ಖಾತೆಯಲ್ಲಿ ಗಾಳಿಯಿಂದ ನಡೆಯುವ ಹತಾರ ಕೆಟ್ಟರೆ, "ಯಾರ ಕೈಯಲ್ಲಿತ್ತು?" ಎಂಬುದೇ ಮೊದಲ ಪ್ರಶ್ನೆ. ಅದಕ್ಕೆ ಎಂಥ ಗಾಳಿ ಬಂತೆಂದು ಯಾರೂ ಕೇಳುವುದಿಲ್ಲ. ಲೋಟ ಒಡೆದರೆ ಸಂಬಳ ಮುರಿಯುವುದನ್ನು ಹೋಟೆಲಿನ ಬಾಂಧವರು ಬಲ್ಲರು. ಇದೂ ಅದೇ ಜಾತಿಯ ಅನ್ಯಾಯ.

ಅದುಮಿದ ಗಾಳಿ ಆರಿದಾಗ ಅದರ ತೇವ ನೀರಾಗಿ ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ಮುಂಬಯಿಯ ಮಳೆಗಾಲದಲ್ಲಂತೂ ಹೇಳುವುದೇ ಬೇಡ. ತಳದ ನಲ್ಲಿ ತಿರುಗಿಸಿ ದಿನವೂ ಆ ನೀರು ಬಿಡದಿದ್ದರೆ ಅದು ಹತಾರದೊಳಗೆ ಹೋಗಿ, ಎಣ್ಣೆ ತೊಳೆದು, ತುಕ್ಕು ಹಿಡಿಸುತ್ತದೆ. ಇದು ಹತಾರ ಹಿಡಿದವನ ತಪ್ಪೇ?

ಹತಾರ ಬಲಗುಂದಿದರೆ ಬಿಚ್ಚುವ ಮೊದಲು ಒತ್ತಡ ಅಳೆಯಬೇಕು. ಬಹುಪಾಲು ಕೈಹತಾರಗಳಿಗೆ ಚದರಂಗುಲಕ್ಕೆ 90 ಪೌಂಡು ಬೇಕು. ಅದೂ ಹತಾರದ ಬಾಯಲ್ಲಿ, ಓಡುತ್ತಿರುವಾಗ. ಟ್ಯಾಂಕಿನ ಮುಳ್ಳು 100 ತೋರಿಸಿದರೆ ಸಾಲದು. ಸಪೂರ ಕೊಳವೆ, ಸೋರುವ ಕೀಲು, ಕಟ್ಟಿಕೊಂಡ ಜಾಲರಿ ದಾರಿಯಲ್ಲೇ ಒತ್ತಡವನ್ನು ನುಂಗುತ್ತವೆ. ತಾನಾಗಿ ಎಣ್ಣೆ ಹನಿಸುವ ಸಾಧನವಿಲ್ಲದ ಕಡೆ, ಪಾಳಿಯ ಆರಂಭದಲ್ಲಿ ಗಾಳಿ ಮುಚ್ಚಿ, ಕೊಳವೆ ಕಳಚಿ, ಹತಾರದ ಬಾಯಿಗೆ ಅದರದೇ ಎಣ್ಣೆ ನಾಲ್ಕು ತೊಟ್ಟು ಬಿಡಬೇಕು.

"ಇದಕ್ಕೆಲ್ಲ ಹೊತ್ತೆಲ್ಲಿ?" ಎನ್ನುತ್ತಾರೆ. ಹತ್ತು ನಿಮಿಷ ಕೊಡದವರು ಹತಾರ ಕೆಟ್ಟ ದಿನ ಕೂಲಿಗೆ ಕೈ ಹಾಕುತ್ತಾರೆ! ಹಾನಿಗೆ ಕೆಲಸಗಾರನ ಅಲಕ್ಷ್ಯವೇ ಕಾರಣವಾಗಿರಬೇಕು, ಅವನ ವಿವರಣೆ ಕೇಳದೆ ಕೂಲಿ ಕಡಿಯಕೂಡದು ಎಂದು 1936ರ ವೇತನ ಪಾವತಿ ಕಾಯಿದೆಯೇ ಹೇಳಿತ್ತು. 2019ರ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ.

ಬಾಂಧವರೇ, ನೀರು ಬಿಟ್ಟ ಹೊತ್ತು, ಅಳೆದ ಒತ್ತಡ, ಹಾಕಿದ ಎಣ್ಣೆ, ಎಲ್ಲವನ್ನೂ ದಿನವೂ ಬರೆದಿಟ್ಟು ಮೇಸ್ತ್ರಿಯ ಸಹಿ ಪಡೆಯಿರಿ. ವಿವರಣೆ ಕೇಳಿದಾಗ ಆ ಪುಸ್ತಕವೇ ನಿಮ್ಮ ಸಾಕ್ಷಿ. ಆ ಹತ್ತು ನಿಮಿಷ ಪಾಳಿಯೊಳಗೇ, ಕೂಲಿಯ ಹೊತ್ತಿನಲ್ಲೇ ಸಿಗಬೇಕು. ಇದು ನಾವು ಬೇಡುವ ದಯೆಯಲ್ಲ, ಹಕ್ಕು.