ಮುಳುಗಿದವರನ್ನು ಉಪ್ಪಿನಲ್ಲಿ ಮುಚ್ಚಿಟ್ಟರೆ ಬದುಕುತ್ತಾರೆಯೇ?

ನೀರಲ್ಲಿ ಮುಳುಗಿ ಸತ್ತವರನ್ನು ಕೆಲವು ಗಂಟೆ ಉಪ್ಪಿನ ರಾಶಿಯಲ್ಲಿಟ್ಟರೆ ಜೀವ ಮರಳುತ್ತದೆ ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಆಗಾಗ ಬರುತ್ತದೆ. ಇದು ಶುದ್ಧ ಸುಳ್ಳು. 2022ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಇದನ್ನೇ ನಂಬಿ, ಹೊಂಡದಲ್ಲಿ ಮುಳುಗಿದ ಬಾಲಕನನ್ನು ಗಂಟೆಗಟ್ಟಲೆ ಉಪ್ಪಿನಲ್ಲಿ ಮಲಗಿಸಿದ್ದರು. ಅವನು ಏಳಲಿಲ್ಲ.

ಉಪ್ಪು ನೀರು ಹೀರುತ್ತದೆ, ನಿಜ. ಆದರೆ ಮೈಮೇಲೆ ಸುರಿದ ಉಪ್ಪು ಶ್ವಾಸಕೋಶದ ನೀರನ್ನು ಎಳೆಯಲಾರದು. ಅಷ್ಟಕ್ಕೂ ಮುಳುಗಿದವರ ಜೀವ ತೆಗೆಯುವುದು ಹೊಟ್ಟೆ ಸೇರಿದ ನೀರಲ್ಲ, ಆಮ್ಲಜನಕದ ಕೊರತೆ. ಉಸಿರು ನಿಂತ ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ಹಾನಿಯಾಗುತ್ತದೆ. ಹೊಟ್ಟೆ ಒತ್ತುವುದು, ತಲೆಕೆಳಗಾಗಿ ಹಿಡಿದು ತಿರುಗಿಸುವುದೂ ಬೇಡ. ವಾಂತಿ ಶ್ವಾಸನಾಳಕ್ಕೆ ಇಳಿಯಬಹುದು.

ಪ್ರಜ್ಞೆಯೂ ಸಹಜ ಉಸಿರೂ ಇಲ್ಲದಿದ್ದರೆ ಒಬ್ಬರು 108ಕ್ಕೆ ಕರೆ ಮಾಡಿ, ಇನ್ನೊಬ್ಬರು ಸಿಪಿಆರ್ ಶುರು ಮಾಡಿ. ಹೃದಯ ನಿಂತವರಿಗೆ ಎದೆ ಒತ್ತಿದರೆ ಸಾಕು ಎಂದು ಕೇಳಿರುತ್ತೀರಿ. ಮುಳುಗಿದವರಿಗೆ ಅದು ಸಾಲದು, ಉಸಿರೂ ಬೇಕು. ಗಲ್ಲ ಎತ್ತಿ, ಮೂಗು ಮುಚ್ಚಿ, ಎದೆ ಏರುವಂತೆ ಬಾಯಿಂದ ಊದಿ. ನಂತರ ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ, 2 ಸಲ ಊದಿ. ನೆರವು ಬರುವವರೆಗೂ ಹೀಗೇ ಮುಂದುವರಿಸಿ.

2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ನಾಲ್ವರು ಶಾಲಾ ಬಾಲಕಿಯರು ಮುರುಡೇಶ್ವರದಲ್ಲಿ ಸಮುದ್ರಪಾಲಾದರು. ಬೀಚ್‌ಗಳಿಗೆ ಲೈಫ್‌ಗಾರ್ಡ್‌ಗಳು ಬೇಕೇ ಬೇಕು, ಅದೂ ಸೀಸನ್ ಕೂಲಿಯಾಗಿ ಅಲ್ಲ, ತರಬೇತಿ ಮತ್ತು ಖಾಯಂ ಸಂಬಳದ ಕೆಲಸವಾಗಿ. ಆದರೆ ಕೃಷಿಹೊಂಡ, ಕೆರೆ, ನಾಲೆಗಳ ದಡದಲ್ಲಿ ಯಾರನ್ನು ನಿಲ್ಲಿಸುತ್ತೀರಿ? ಅಲ್ಲಿ ಮೊದಲು ಓಡಿಬರುವವರು ಅಕ್ಕಪಕ್ಕದ ಹೊಲದವರು. ಸಿಪಿಆರ್ ತರಬೇತಿ ಪಂಚಾಯಿತಿ ಮತ್ತು ಶಾಲೆಗಳ ಮೂಲಕ ಅವರನ್ನು ತಲುಪಬೇಕು. ವಿಡಿಯೋ ತೋರಿಸಿ ಕಳಿಸಿದರೆ ಆಗದು, ಪ್ರತಿಯೊಬ್ಬರೂ ಗೊಂಬೆಯ ಮೇಲೆ ಒತ್ತಿ ಅಭ್ಯಾಸ ಮಾಡಬೇಕು.