ರೆಕಾರ್ಡ್ ಬುಕ್ಕಿನಲ್ಲೇ ಮುಗಿದುಹೋಗುವ ಶುಶ್ರೂಷೆ

ನಮ್ಮ ನರ್ಸಿಂಗ್ ಕಾಲೇಜುಗಳಲ್ಲಿ ವಿಪತ್ತು ನಿರ್ವಹಣೆಯ ಪಾಠ ಹೇಗೆ ನಡೆಯುತ್ತದೆ ಎಂಬುದು ಕಲಿಸುವವರಿಗೂ ಗೊತ್ತು, ಕಲಿಯುವವರಿಗೂ ಗೊತ್ತು. ಗಾಯಾಳುಗಳನ್ನು ತುರ್ತಿಗೆ ತಕ್ಕಂತೆ ವಿಂಗಡಿಸುವ ಟ್ರಯಾಜ್‌ನ ಕೆಂಪು, ಹಳದಿ, ಹಸಿರು, ಕಪ್ಪು ಬಣ್ಣಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿಸುತ್ತಾರೆ. ವರ್ಷಕ್ಕೊಮ್ಮೆ ಕಾಲೇಜಿನ ಅಂಗಳದಲ್ಲಿ ಮಾಕ್ ಡ್ರಿಲ್ ಮಾಡುತ್ತಾರೆ. ನಾಲ್ಕಾರು ವಿದ್ಯಾರ್ಥಿಗಳ ಹಣೆಗೆ ಕೆಂಪು ಬಣ್ಣ ಬಳಿದು, ಸ್ಟ್ರೆಚರ್ ಮೇಲೆ ಮಲಗಿಸಿ, ಬ್ಯಾನರ್ ಕಾಣುವಂತೆ ಫೋಟೋ ತೆಗೆದು ಇನ್‌ಸ್ಪೆಕ್ಷನ್ ಫೈಲಿಗೆ ಸೇರಿಸುತ್ತಾರೆ. ಅಲ್ಲಿಗೆ ಎಲ್ಲರೂ ಕೈತೊಳೆದುಕೊಳ್ಳುತ್ತಾರೆ. ಇದನ್ನು ಸಣ್ಣ ಸೋಮಾರಿತನ ಎಂದು ಕ್ಷಮಿಸಿ ಸಾಕಾಗಿದೆ. ಇದು ಜನರ ಜೀವದ ಬಗ್ಗೆ ತೋರುವ ಬೇಜವಾಬ್ದಾರಿ.

2009ರ ಸೆಪ್ಟೆಂಬರ್ ಕೊನೆಯಲ್ಲಿ ಸುರಿದ ಮಳೆಗೆ ಉತ್ತರ ಕರ್ನಾಟಕ ಮುಳುಗಿತು. 2018ರ ಆಗಸ್ಟಿನಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು ಕಡೆಯ ಗುಡ್ಡಗಳು ಜಾರಿದವು. ಮರುವರ್ಷ ಕೃಷ್ಣಾ, ಮಲಪ್ರಭಾ, ಘಟಪ್ರಭಾ ಉಕ್ಕಿ ಬೆಳಗಾವಿ, ಬಾಗಲಕೋಟೆಯ ಜನ ಲಕ್ಷಗಟ್ಟಲೆ ಮನೆ ಬಿಟ್ಟರು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿತ್ತು. ಎರಡೇ ವಾರದಲ್ಲಿ ಪಕ್ಕದ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳು ಬೆಳಗಾಗುವುದರೊಳಗೆ ಕೊಚ್ಚಿಹೋದವು. ವಿಪತ್ತು ನಮಗೆ ಅಪರೂಪದ ಅತಿಥಿ ಅಲ್ಲವೇ ಅಲ್ಲ. ಓಣಿ ಓಣಿಗೂ ನರ್ಸಿಂಗ್ ಕಾಲೇಜು ಎನ್ನುವಷ್ಟು ಕಾಲೇಜುಗಳಿರುವ ರಾಜ್ಯ ನಮ್ಮದು. ಹಾಗಿದ್ದೂ, ತಮ್ಮ ತಾಲ್ಲೂಕಿನಲ್ಲಿ ಮಳೆಗಾಲಕ್ಕೆ ಕಾಳಜಿ ಕೇಂದ್ರವಾಗುವ ಶಾಲೆ, ಕಲ್ಯಾಣ ಮಂಟಪ ಯಾವುವು, ಅಲ್ಲಿ ಎಷ್ಟು ಶೌಚಾಲಯಗಳಿವೆ ಎಂದು ಕೇಳಿದರೆ ಉತ್ತರ ಹೇಳಬಲ್ಲ ಟ್ಯೂಟರ್‌ಗಳು ಎಷ್ಟು ಮಂದಿ?

ಶೌಚಾಲಯದ ಲೆಕ್ಕ ನರ್ಸಿಗೇಕೆ ಎನ್ನುವವರು ಜಪಾನಿನ ಕುಮಾಮೋಟೋದಲ್ಲಿ ಆದದ್ದನ್ನು ಕೇಳಬೇಕು. 2016ರ ಏಪ್ರಿಲ್‌ನಲ್ಲಿ ಅಲ್ಲಿ ಎರಡು ದಿನಗಳೊಳಗೆ ಎರಡು ದೊಡ್ಡ ಭೂಕಂಪಗಳಾದವು. ಕುಸಿದ ಮನೆ, ಜಾರಿದ ಮಣ್ಣಿನಡಿ ಸಿಕ್ಕಿ ಸತ್ತವರು ಸುಮಾರು 50 ಮಂದಿ. ಆಮೇಲೆ, ಭೂಮಿಯ ನಡುಕ ನಿಂತ ಮೇಲೆ, ವಾರಗಳಲ್ಲಿ, ತಿಂಗಳುಗಳಲ್ಲಿ ಸತ್ತವರು 200ಕ್ಕೂ ಹೆಚ್ಚು. ಇವರನ್ನು ಯಾವ ಗೋಡೆಯೂ ಕೊಲ್ಲಲಿಲ್ಲ. ಮನೆಯೊಳಗೆ ಮಲಗಲು ಹೆದರಿ ಕಾರಿನ ಸೀಟಿನಲ್ಲೇ ರಾತ್ರಿ ಕಳೆದವರ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಏರಿತು. ನಡೆಯುತ್ತಿದ್ದ ಚಿಕಿತ್ಸೆ ತಪ್ಪಿತು. ತುಂಬಿ ತುಳುಕುವ ಆಶ್ರಯ ಕೇಂದ್ರಗಳಲ್ಲಿ ವಯಸ್ಸಾದವರು ಬಳಲಿ ಹೋದರು. ಜಪಾನ್ ಸರ್ಕಾರ ಇಂಥ ಸಾವುಗಳನ್ನು ವಿಪತ್ತಿಗೆ ಸಂಬಂಧಿಸಿದ ಸಾವು ಎಂದು ಬೇರೆಯಾಗಿಯೇ ಎಣಿಸುತ್ತದೆ. ನಾವು ಎಣಿಸುವುದೇ ಇಲ್ಲ. ಟಿವಿಯ ಕ್ಯಾಮೆರಾ ಹಿಂದಿರುಗಿದ ಮೇಲೆ ಕಾಳಜಿ ಕೇಂದ್ರದಲ್ಲಿ ತೀರಿಕೊಂಡ ಅಜ್ಜಿಯ ಸಾವು ನಮ್ಮಲ್ಲಿ ವಯಸ್ಸಾಗಿತ್ತು ಎಂಬ ಒಂದು ಮಾತಿನಲ್ಲಿ ಮುಗಿಯುತ್ತದೆ.

ಆ 50 ಜನರನ್ನು ಉಳಿಸುವ ಕೆಲಸ ಬಹುಮಟ್ಟಿಗೆ ರಕ್ಷಣಾ ತಂಡದ್ದು. ಆಮೇಲಿನ 200 ಸಾವುಗಳನ್ನು ತಡೆಯುವ ಕೆಲಸ ಬಹುಮಟ್ಟಿಗೆ ನರ್ಸಿನದು. ಅದಕ್ಕೆ ಬೇಕಾದುದು ಸೈರನ್ ಅಲ್ಲ. ನೆರೆನೀರಿನಲ್ಲಿ ಮಾತ್ರೆಯ ಡಬ್ಬಿ ಕಳೆದುಕೊಂಡು ಮೂರು ದಿನದಿಂದ ಬಿಪಿ ಮಾತ್ರೆ ನುಂಗದವರು ಯಾರು, ಇನ್ಸುಲಿನ್ ಎಲ್ಲಿಂದ ಬರುತ್ತದೆ, ಅದನ್ನು ಎಲ್ಲಿ ತಣ್ಣಗೆ ಇಡುವುದು, ಎಂಟು ತಿಂಗಳ ಗರ್ಭಿಣಿ ಯಾವ ಮೂಲೆಯಲ್ಲಿ ಕೂತಿದ್ದಾಳೆ ಎಂದು ಹುಡುಕಿ ತಿಳಿಯುವ ಕಣ್ಣು ಬೇಕು. ಶೌಚಾಲಯ ದೂರ, ದಾರಿಯಲ್ಲಿ ದೀಪವಿಲ್ಲ ಎಂದು ಹೆಂಗಸರು ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಅದನ್ನು ಅವರು ತಾವಾಗಿ ಹೇಳುವುದಿಲ್ಲ, ಕೇಳುವ ರೀತಿಯಲ್ಲಿ ಕೇಳಬೇಕು. ನೆರೆಯ ಕೆಸರಿನಲ್ಲಿ ಇಳಿದು ಮನೆ ತೊಳೆಯುವವರಿಗೆ ಇಲಿಜ್ವರ ತಗಲುತ್ತದೆ. 2018ರಲ್ಲಿ ಕೇರಳ ಅದನ್ನು ಕಂಡಿತು, ಡಾಕ್ಸಿಸೈಕ್ಲಿನ್ ಮಾತ್ರೆ ಹಂಚಿತು. ಪರಿಹಾರ ಕಾರ್ಯಕ್ಕೆ ಜಗತ್ತು ಒಪ್ಪಿರುವ ಸ್ಫಿಯರ್ ಮಾನದಂಡದ ಪ್ರಕಾರ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, 20 ಜನರಿಗೆ ಒಂದು ಶೌಚಾಲಯ ಬೇಕು. ಇನ್ನೂರು ಜನ ಸೇರಿರುವ ಶಾಲೆಗೆ ಎಷ್ಟು ಬೇಕು? ದಿನಕ್ಕೆ ಮೂರು ಸಾವಿರ ಲೀಟರ್, ಹತ್ತು ಶೌಚಾಲಯ. ಈ ಲೆಕ್ಕ ಹಾಕಿ ತಹಶೀಲ್ದಾರರ ಮುಂದೆ ನಿಂತು ಕೇಳುವ ಧೈರ್ಯವನ್ನು ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಕೊಡುತ್ತಿಲ್ಲ ಎಂದರೆ, ಆ ನಾಲ್ಕು ವರ್ಷ ಏನು ಕೊಟ್ಟಿತು?

ಮೇಲೆ ಹೇಳಿದ್ದೆಲ್ಲ ಸಮುದಾಯ ಆರೋಗ್ಯ ಶುಶ್ರೂಷೆಯೇ. ಪ್ರತಿದಿನದ ಹಳ್ಳಿ ಕೆಲಸವನ್ನು ಚೆನ್ನಾಗಿ ಮಾಡಲು ಕಲಿತವಳೇ ವಿಪತ್ತಿನಲ್ಲಿ ಉಪಯೋಗಕ್ಕೆ ಬರುವ ನರ್ಸ್. ಆ ಕಲಿಕೆಯನ್ನೇ ಕಾಲೇಜುಗಳು ಹಾಳುಮಾಡಿವೆ. ಕಮ್ಯುನಿಟಿ ಪೋಸ್ಟಿಂಗ್ ಎಂದರೆ ಬಸ್ಸಿನಲ್ಲಿ ಹೋಗಿ ಪ್ರಾಥಮಿಕ ಆರೋಗ್ಯ ಕೇಂದ್ರದ ಜಗಲಿಯಲ್ಲಿ ಕೂತು, ನಾಲ್ಕು ಮನೆ ಸುತ್ತಿ, ಮಧ್ಯಾಹ್ನಕ್ಕೆ ವಾಪಸ್ ಬರುವುದು ಎಂದಾಗಿದೆ. ಮನೆಭೇಟಿಯ ದಾಖಲೆಯಾಗಬೇಕಾದ ಫ್ಯಾಮಿಲಿ ಫೋಲ್ಡರ್ ಸೀನಿಯರ್‌ಗಳಿಂದ ಬರುತ್ತದೆ. ಹೆಸರು ಬದಲಾಗುತ್ತದೆ, ಬಿಪಿ 120/80 ಹಾಗೇ ಉಳಿಯುತ್ತದೆ. ಅದಕ್ಕೆ ಸಹಿ ಹಾಕುವ ಟ್ಯೂಟರ್‌ಗೆ ಅದು ನಕಲು ಎಂದು ತಿಳಿದಿರುತ್ತದೆ. ಮೇಡಂ, ಸರ್, ನೀವು ಸಹಿ ಹಾಕುವುದು ಹಾಳೆಗಲ್ಲ. ಕಾಣದ ರೋಗಿಯನ್ನು ಕಂಡೆ ಎಂದು, ಅಳೆಯದ ರಕ್ತದೊತ್ತಡವನ್ನು ಅಳೆದೆ ಎಂದು ಬರೆಯಬಹುದು ಎಂಬ ಪಾಠಕ್ಕೆ ನೀವು ಸಹಿ ಹಾಕುತ್ತಿದ್ದೀರಿ. ಮುಂದೆ ಐಸಿಯುನಲ್ಲಿ ರಾತ್ರಿ ಪಾಳಿಯ ಚಾರ್ಟನ್ನು ಆ ಕೈ ಹೇಗೆ ತುಂಬುತ್ತದೆ ಎಂದು ಯೋಚಿಸಿದ್ದೀರಾ?

ಭಾಷೆಯ ವಿಷಯವಂತೂ ನಾಚಿಕೆಗೇಡು. ಕೇರಳದಿಂದ, ಈಶಾನ್ಯ ರಾಜ್ಯಗಳಿಂದ, ಬಂಗಾಳದಿಂದ ಬಂದ ಮಕ್ಕಳು ನಮ್ಮ ಕಾಲೇಜುಗಳಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರ ತಪ್ಪೇನೂ ಇಲ್ಲ. ಶುಲ್ಕ ಪಡೆದ ಕಾಲೇಜು ಮೊದಲ ವರ್ಷವೇ ಅವರಿಗೆ ಕೇಳಿಸಿಕೊಳ್ಳುವಷ್ಟು, ಕೇಳುವಷ್ಟು ಕನ್ನಡ ಕಲಿಸಬೇಕಿತ್ತು. ಸುಸ್ತಾಗುತ್ತಾ, ಎದೆ ಬಿಗಿಯುತ್ತಾ, ಎಷ್ಟು ಸಲ ಭೇದಿಯಾಯಿತು, ಮಗು ಹಾಲು ಕುಡಿಯಿತಾ — ಇಷ್ಟನ್ನು ಕಲಿಸಲು ಎಷ್ಟು ತಿಂಗಳು ಬೇಕು? ಜರ್ಮನಿಯಲ್ಲಿ ನರ್ಸ್ ಆಗಿ ಮಾನ್ಯತೆ ಪಡೆಯಲು ಬಿ2 ಮಟ್ಟದ ಜರ್ಮನ್ ಬೇಕು ಎಂದು ತಿಳಿದ ದಿನವೇ ಕೋಚಿಂಗ್ ಕೇಂದ್ರಕ್ಕೆ ಹಣ ಕಟ್ಟಿಸುವ ಕಾಲೇಜಿನವರು ನೀವು, ಹೊಸಕೋಟೆಯ ಅಜ್ಜಿಯ ಮಾತು ಅರ್ಥವಾಗದಿದ್ದರೂ ಪರವಾಗಿಲ್ಲ ಎಂದು ಯಾವ ಬಾಯಲ್ಲಿ ಹೇಳುತ್ತೀರಿ?

ವಿದೇಶಕ್ಕೆ ಹೋಗುವುದು ತಪ್ಪಲ್ಲ. ಸಾಲ ಮಾಡಿ ಓದಿದ ಹುಡುಗಿ ನಾಲ್ಕು ಕಾಸು ಸಂಪಾದಿಸಿ ತಂಗಿಯನ್ನು ಓದಿಸುವುದಕ್ಕೆ ಯಾರೂ ಕೊಂಕು ನುಡಿಯಬಾರದು. ಆದರೆ ವಿದೇಶದ ಕೆಲಸಕ್ಕೆ ತಯಾರಿ ಎಂದರೆ ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆಯ ಅಂಕ ಮಾತ್ರ ಎಂದು ಮಕ್ಕಳ ತಲೆಯಲ್ಲಿ ತುಂಬಿದ್ದು ಅನ್ಯಾಯ. ಬ್ರಿಟನ್ನಿನ ಒಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆಯಲ್ಲಿ ರೋಗಿಯನ್ನು ಮಾತಾಡಿಸಿ, ಅಳೆದು, ಯೋಜಿಸಿ, ಮಾಡಿ, ಮತ್ತೆ ಪರಿಶೀಲಿಸುವ ಕ್ರಮವನ್ನೇ ನೋಡುತ್ತಾರೆ. ಅದು ಹಳ್ಳಿಯ ಮನೆಯಲ್ಲಿ ನಿಜವಾಗಿ ಕೆಲಸ ಮಾಡಿದವಳಿಗೆ ಹೊಸದೇನಲ್ಲ. ಇನ್ನು ಅಂತರರಾಷ್ಟ್ರೀಯ ಪರಿಹಾರ ಕಾರ್ಯದ ಮಾತು. 2010ರ ಹೈಟಿ ಭೂಕಂಪಕ್ಕೆ ಜಗತ್ತಿನ ಎಲ್ಲೆಡೆಯಿಂದ ಓಡಿ ಬಂದ ತಂಡಗಳಲ್ಲಿ ತರಬೇತಿ ಇಲ್ಲದವು ಎಷ್ಟೋ ಇದ್ದವು. ಅಲ್ಲಿನ ಕಹಿ ಅನುಭವದ ನಂತರ ವಿಶ್ವ ಆರೋಗ್ಯ ಸಂಸ್ಥೆ ತುರ್ತು ವೈದ್ಯಕೀಯ ತಂಡಗಳಿಗೆ ಮಾನದಂಡ ರೂಪಿಸಿತು: ತಮ್ಮ ನೀರು, ಊಟ, ಔಷಧಿ, ಕಸ ವಿಲೇವಾರಿಯನ್ನು ತಾವೇ ನೋಡಿಕೊಳ್ಳಬಲ್ಲ ತಂಡ ಮಾತ್ರ ಬರಲಿ ಎಂದಿತು. ಉತ್ಸಾಹವೊಂದನ್ನೇ ಹೊತ್ತು ಹೋದವರು ಸಂತ್ರಸ್ತರ ಪಾಲಿನ ನೀರನ್ನೇ ಕುಡಿಯುತ್ತಾರೆ. ನೆರೆ ಬಂದಾಗ ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ತುಂಬಿ ಬ್ಯಾನರ್ ಕಟ್ಟಿ ಕಳಿಸುವ ಆಡಳಿತ ಮಂಡಳಿಗಳು ಇದನ್ನು ನೆನಪಿಡಲಿ.

ನಮ್ಮ ಹುಡುಗಿಯರು ಹೇಗೋ ನಿಭಾಯಿಸುತ್ತಾರೆ ಎಂಬ ಮಾತು ಇನ್ನು ಸಾಕು. 2021ರ ಕೋವಿಡ್ ಎರಡನೇ ಅಲೆಯಲ್ಲಿ ನರ್ಸುಗಳು ನಿಭಾಯಿಸಿದರು ನಿಜ. ಯಾರು ಯಾರನ್ನು ಕಳೆದುಕೊಂಡು ನಿಭಾಯಿಸಿದರು ಎಂದು ಅವರ ಮನೆಯವರನ್ನು ಕೇಳಿ. 2018ರ ಮೇ 21ರಂದು ಕೇರಳದ ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯ ನರ್ಸ್ ಲಿನಿ ಪುದುಶ್ಶೇರಿ ನಿಪಾ ರೋಗಿಯ ಆರೈಕೆ ಮಾಡಿ ಅದೇ ಸೋಂಕಿನಿಂದ ಸತ್ತರು. ಮೇ 12ರ ನರ್ಸುಗಳ ದಿನ ಆಕೆಯ ಚಿತ್ರಕ್ಕೆ ಹಾರ ಹಾಕುವ ಕಾಲೇಜುಗಳಲ್ಲಿ ಪಿಪಿಇ ತೊಡುವ, ಅದಕ್ಕಿಂತ ಮುಖ್ಯವಾಗಿ ಕಳಚುವ ಕ್ರಮವನ್ನು ಪ್ರತಿ ವಿದ್ಯಾರ್ಥಿಯ ಕೈಯಲ್ಲೂ ಮಾಡಿಸುವವು ಎಷ್ಟು?

ಆಗದ ಕೆಲಸವನ್ನು ಯಾರೂ ಕೇಳುತ್ತಿಲ್ಲ. ವೆಲ್ಲೂರಿನ ಸಿಎಂಸಿ ನರ್ಸಿಂಗ್ ಕಾಲೇಜು ತನ್ನದೇ ಸಮುದಾಯ ಆರೋಗ್ಯ ಕಾರ್ಯಕ್ರಮ ಇಟ್ಟುಕೊಂಡು, ಹಳ್ಳಿಗಳ ಹೊಣೆ ಹೊತ್ತು ಕಲಿಸುತ್ತಿದೆ. 1995ರ ಕೋಬೆ ಭೂಕಂಪದ ನಂತರ ತಾತ್ಕಾಲಿಕ ಮನೆಗಳಲ್ಲಿ ಒಂಟಿಯಾಗಿ ಸಾಯುತ್ತಿದ್ದ ಮುದುಕರನ್ನು ಕಂಡ ಜಪಾನಿನ ನರ್ಸುಗಳು ನಾಲ್ಕು ವರ್ಷದೊಳಗೇ ವಿಪತ್ತು ಶುಶ್ರೂಷೆಗೆಂದೇ ವಿದ್ವತ್ ಸಂಘ ಕಟ್ಟಿದರು. ಅಂತರರಾಷ್ಟ್ರೀಯ ನರ್ಸುಗಳ ಮಂಡಳಿ 2009ರಲ್ಲೇ ವಿಪತ್ತು ಶುಶ್ರೂಷೆಯ ಸಾಮರ್ಥ್ಯಗಳನ್ನು ಪಟ್ಟಿ ಮಾಡಿಕೊಟ್ಟಿದೆ. ಪುಸ್ತಕ, ದಾರಿ, ಉದಾಹರಣೆ ಎಲ್ಲವೂ ಇವೆ.

ವಿದ್ಯಾರ್ಥಿಗಳೇ, ನೀವೂ ಕೇಳಿಸಿಕೊಳ್ಳಿ. ನಕಲು ಮಾಡಿದ ಫೋಲ್ಡರ್‌ನಿಂದ ಉಳಿದ ಎರಡು ಗಂಟೆ ನಿಮ್ಮದಲ್ಲ, ನೀವು ಕಾಣದೆ ಬಿಟ್ಟ ಆ ಮನೆಯವರದು. ನಿಜವಾದ ಪೋಸ್ಟಿಂಗ್ ಬೇಕು ಎಂದು ಬರೆದು ಕೊಡಿ. ಟ್ಯೂಟರ್‌ಗಳೇ, ಈ ಮಳೆಗಾಲಕ್ಕೆ ಮುಂಚೆ ತಹಶೀಲ್ದಾರರ ಕಚೇರಿಯಿಂದ ಕಾಳಜಿ ಕೇಂದ್ರಗಳ ಪಟ್ಟಿ ತನ್ನಿ. ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ಒಂದು ವಾರ್ಡಿನ ಗರ್ಭಿಣಿಯರು, ಡಯಾಲಿಸಿಸ್ ರೋಗಿಗಳು, ಹಾಸಿಗೆ ಹಿಡಿದವರು ಯಾರು ಎಂದು ವಿದ್ಯಾರ್ಥಿಗಳ ಕೈಯಲ್ಲಿ ಗುರುತಿಸಿ ಬರೆಸಿ, ಅದರ ಒಂದು ಪ್ರತಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೊಡಿ. ಮುಂದಿನ ಪ್ರಾಯೋಗಿಕ ಪರೀಕ್ಷೆಯಲ್ಲಿ ಪರೀಕ್ಷಕರು ಆ ಪಟ್ಟಿಯಿಂದಲೇ ಒಂದು ಮನೆ ಆರಿಸಿ, ವಿದ್ಯಾರ್ಥಿಯನ್ನು ಕರೆದುಕೊಂಡು ಆ ಮನೆಗೆ ಹೋಗಲಿ.