ಬಿಡಿ ತುದಿಯ ಹೆಣಿಗೆ ಕಡ್ಡಿಗಳು: ನಮ್ಮ ಹುಡುಗಿಯರಿಗೆ ಅವಶ್ಯವೇ?

ನಮ್ಮ ಶಾಲೆಯ ಪೂರ್ವ ವಿದ್ಯಾರ್ಥಿನಿಯರಲ್ಲಿ ಹಲವರು ಈಗ ಬೆಂಗಳೂರು, ಹೈದರಾಬಾದು ಮುಂತಾದ ಪಟ್ಟಣಗಳಲ್ಲಿಯೂ ಕೆಲವರು ಪರದೇಶಗಳಲ್ಲಿಯೂ ನೆಲೆಸಿದ್ದರೂ ತಾವು ಕಲಿತ ಶಾಲೆಯನ್ನು ಮರೆತವರಲ್ಲ. ಅಂಥವರಲ್ಲಿ ಒಬ್ಬಿಬ್ಬರು ಈಚೆಗೆ ನಮಗೆ ಬರೆದು, ಕೈಗೆಲಸದ ತರಗತಿಯ ಪ್ರತಿಯೊಬ್ಬ ಹುಡುಗಿಯ ಬಳಿಯಲ್ಲಿಯೂ ತುದಿಗಳನ್ನು ಬದಲಾಯಿಸಲು ಬರುವ ಹೊಸ ತರದ ಹೆಣಿಗೆ ಕಡ್ಡಿಗಳ ಸೆಟ್ಟೊಂದು ಇರತಕ್ಕದ್ದೆಂದು ಸೂಚಿಸಿದ್ದಾರೆ. ಈ ಸುದ್ದಿಯು ಊರಲ್ಲಿ ಹಬ್ಬಿ, ಕೆಲವು ತಾಯಂದಿರು ಅದನ್ನು ಕೊಳ್ಳದಿದ್ದರೆ ತಮ್ಮ ಮಗಳು ಹಿಂದೆ ಬೀಳುವಳೋ ಎಂದು ಕಳವಳದಿಂದ ವಿಚಾರಿಸಿದರು. ಆದಕಾರಣ ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಈ ಸಂಚಿಕೆಯ ಮೂಲಕ ಪೋಷಕರ ಮುಂದೆಯೂ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಇಡುವದು ಉಚಿತವೆಂದು ತಿಳಿದಿದ್ದೇವೆ.

ಮೊದಲು ಈ ಸಾಧನವು ಎಂಥಾದ್ದೆಂಬದನ್ನು ಹೇಳಬೇಕು. ನಮ್ಮ ತಾಯಂದಿರು ಬಳಸಿದ್ದು ಎರಡು ನೀಳವಾದ ಕಡ್ಡಿಗಳನ್ನು. ಒಂದು ಕೊನೆ ಚೂಪು, ಮತ್ತೊಂದು ಕೊನೆಗೆ ಗುಂಡು. ಅನಂತರ ಎರಡು ಚಿಕ್ಕ ಕಡ್ಡಿಗಳನ್ನು ಬಾಗುವ ಕೇಬಲಿನಿಂದ ಜೋಡಿಸಿದ ದುಂಡು ಕಡ್ಡಿಗಳು ಬಂದವು. ಈಗಿನ ಸೆಟ್ಟಿನಲ್ಲಿ ತುದಿಗಳು ಬೇರೆ, ಕೇಬಲುಗಳು ಬೇರೆ. ತುದಿಯ ಬುಡದಲ್ಲಿ ತಿರುಪು ಇದ್ದು, ಬೇಕಾದ ದಪ್ಪದ ತುದಿಯನ್ನು ಬೇಕಾದ ಉದ್ದದ ಕೇಬಲಿಗೆ ತಿರುಗಿಸಿ ಕೂಡಿಸುವದು. ಸಾಮಾನ್ಯವಾಗಿ 3.5 ಮಿಲಿಮೀಟರಿನಿಂದ 8 ಮಿಲಿಮೀಟರಿನ ವರೆಗೆ ಎಂಟೊಂಬತ್ತು ಜೊತೆ ತುದಿಗಳು, ಮೂರು ನಾಲ್ಕು ಕೇಬಲುಗಳು, ತಿರುಪನ್ನು ಬಿಗಿ ಮಾಡುವ ಒಂದು ಸಣ್ಣ ಕೀಲಿ, ಕೇಬಲಿನ ಕೊನೆಗೆ ಹಾಕುವ ಮುಚ್ಚಳಗಳು, ಇಷ್ಟು ಒಂದು ಚೀಲದಲ್ಲಿರುತ್ತವೆ.

ಭತ್ತದ ಗದ್ದೆಗಳ ನಡುವಿನ ಈ ಬಿಸಿಲ ಸೀಮೆಯಲ್ಲಿ ಉಣ್ಣೆಯ ಹೆಣಿಗೆ ಯಾತಕ್ಕೆಂದು ಕೇಳುವವರೂ ಇದ್ದಾರೆ. ಉಣ್ಣೆಯು ನಮ್ಮ ಭಾಗಕ್ಕೆ ಹೊಸದಲ್ಲ. ಕುರುಬರ ಕಂಬಳಿಯನ್ನು ಅರಿಯದ ಮನೆ ಈ ಕಡೆಯಲ್ಲಿ ಇಲ್ಲ. ಅದಲ್ಲದೆ ಹೆಣಿಗೆಗೆ ಹತ್ತಿಯ ನೂಲೂ ಆಗುವದು. ಎಲ್ಲಕ್ಕಿಂತ ಮುಖ್ಯವಾದದ್ದು ಕೂಸಿನ ಕುಲಾವಿ. ಎರಡೂವರೆ ಕಿಲೋಗ್ರಾಮಿಗಿಂತ ಕಡಿಮೆ ತೂಕದ ಹಸುಗೂಸು ಬಿಸಿಲ ನಾಡಿನಲ್ಲಿಯೂ ಮೈಯ ಕಾವನ್ನು ಬೇಗನೆ ಕಳಕೊಳ್ಳುತ್ತದೆ. ಮೈಯ ಅಳತೆಗೆ ತಲೆ ದೊಡ್ಡದಾದದರಿಂದ ತಲೆಯ ಮೂಲಕ ಹೋಗುವ ಕಾವು ಬಹಳ. 1978ರಲ್ಲಿ ಕೊಲಂಬಿಯ ದೇಶದ ಬೊಗೊಟಾ ನಗರದಲ್ಲಿ ಆರಂಭವಾಗಿ ಈಗ ನಮ್ಮ ದೇಶದ ಆಸ್ಪತ್ರೆಗಳಲ್ಲಿಯೂ ನಡೆಯುತ್ತಿರುವ ಕಾಂಗರೂ ತಾಯಿ ಆರೈಕೆಯೆಂಬ ಕ್ರಮದಲ್ಲಿ ಕೂಸನ್ನು ತಾಯಿಯ ಎದೆಗೆ ಬರಿಮೈಯಲ್ಲಿ ಅಪ್ಪಿಸಿ ಇಡುವಾಗ, ಅದರ ತಲೆಗೆ ಟೋಪಿಯನ್ನೂ ಕಾಲಿಗೆ ಕಾಲುಚೀಲವನ್ನೂ ಹಾಕುತ್ತಾರೆ. ನಮ್ಮ ಹುಡುಗಿಯರು ಹೆಣೆಯುವ ಕುಲಾವಿಗಳು ಹೋಗತಕ್ಕದ್ದು ಇಂಥ ಕೂಸುಗಳಿಗೇ. ಆದದರಿಂದ ಯಾವ ಕಡ್ಡಿಯನ್ನಾದರೂ ನಾವು ಈ ಕುಲಾವಿಯ ಮುಂದೆ ನಿಲ್ಲಿಸಿಯೇ ತೂಗಿ ನೋಡುತ್ತೇವೆ.

ಹೀಗಿರಲಾಗಿ ಒಂದು ಸೆಟ್ಟನ್ನು ತರಿಸಿ, ಕಳೆದ ಶಾಲಾ ವರುಷದಲ್ಲಿ ಜೂನಿನಿಂದ ದಶಂಬರದ ವರೆಗೆ ಕೈಗೆಲಸದ ತರಗತಿಯಲ್ಲಿ ಬಳಸಿ ನೋಡಿದೆವು. ಅದನ್ನು ಮಾಡಿದವರ ಹೆಸರು ಇಲ್ಲಿ ಬೇಡ. ಕಂಡ ಗುಣದೋಷಗಳು ಬಹುಮಟ್ಟಿಗೆ ಈ ಜಾತಿಯ ಸಾಧನಕ್ಕೇ ಸೇರಿದವುಗಳಾಗಿವೆ.

ಗುಣಗಳನ್ನು ಮೊದಲು ಹೇಳುವೆವು. ಒಂದನೆಯದು, ಭಾರ. ನೀಳ ಕಡ್ಡಿಯಲ್ಲಿ ಶಾಲು ಬೆಳೆದ ಹಾಗೆಲ್ಲಾ ಅದರ ತೂಕವು ಕಡ್ಡಿಯ ಕೊನೆಗೆ ಜಗ್ಗಿ ಮಣಿಕಟ್ಟನ್ನು ನೋಯಿಸುತ್ತದೆ. ಕೇಬಲು ಇದ್ದರೆ ಆ ಭಾರವು ಮಡಿಲಲ್ಲಿ ಕೂತುಕೊಳ್ಳುತ್ತದೆ. ಎರಡನೆಯದು, ಅಳತೆಯನ್ನು ಸರಿಪಡಿಸುವ ಸೌಕರ್ಯ. ಹೆಣಿಗೆಯಲ್ಲಿ ಹತ್ತು ಸೆಂಟಿಮೀಟರಿಗೆ ಎಷ್ಟು ಕುಣಿಕೆ ಬರುವದೆಂಬದೇ ಎಲ್ಲಾ ಲೆಕ್ಕಕ್ಕೆ ಬುನಾದಿ. 22 ಕುಣಿಕೆ ಬರುವದೆಂದು ಎಣಿಸಿ, 80 ಸೆಂಟಿಮೀಟರಿನ ಎದೆಸುತ್ತಳತೆಗೆ 176 ಕುಣಿಕೆ ಹಾಕಿದ ಹುಡುಗಿಯ ಕೈ ಸಡಿಲವಾಗಿದ್ದು 20 ಕುಣಿಕೆ ಮಾತ್ರ ಬಂದರೆ, ಸ್ವೆಟರು 88 ಸೆಂಟಿಮೀಟರು ಆಗಿ ಅಕ್ಕನ ಅಂಗಿಯಂತೆ ಜೋತು ಬೀಳುವದು. ಮೊದಲು ಅಂಗೈಯಗಲದ ಮಾದರಿ ತುಂಡನ್ನು ಹೆಣೆದು ಅಳೆದು, ಕಡ್ಡಿಯನ್ನು ಒಂದು ಅಳತೆ ಸಣ್ಣದು ಮಾಡಿಕೊಳ್ಳುವದೇ ಇದಕ್ಕೆ ಮದ್ದು. ಸೆಟ್ಟು ಇದ್ದಲ್ಲಿ ಬೇರೆ ತುದಿಯು ಕೈಗೆ ಸಿಕ್ಕುವದು; ಇಲ್ಲದಿದ್ದಲ್ಲಿ ಪೇಟೆಗೆ ಹೋಗಬೇಕಾದೀತೆಂಬ ಆಲಸ್ಯದಿಂದ ಹುಡುಗಿಯು ತಪ್ಪಿನಲ್ಲಿಯೇ ಮುಂದುವರಿಯುವಳು. ಮೂರನೆಯದು, ಒಂದು ಕೆಲಸವನ್ನು ಕೇಬಲಿನ ಮೇಲೆಯೇ ಮುಚ್ಚಳ ಹಾಕಿ ಎತ್ತಿಟ್ಟು, ಅದೇ ತುದಿಗಳಿಂದ ಮತ್ತೊಂದು ಕೆಲಸವನ್ನು ತೊಡಗಬಹುದು. ಒಂದೇ ಸೆಟ್ಟನ್ನು ಹಲವರು ಹಂಚಿಕೊಳ್ಳುವ ನಮ್ಮಂಥ ಶಾಲೆಗೆ ಇದು ದೊಡ್ಡ ಉಪಕಾರ.

ಇನ್ನು ದೋಷಗಳು. ತುದಿಯೂ ಕೇಬಲೂ ಕೂಡುವ ಸಂದಿಯೇ ಈ ಸಾಧನದ ಪ್ರಾಣ, ಅದೇ ಅದರ ರೋಗ. ಕೀಲಿಯಿಂದ ಬಿಗಿ ಮಾಡದಿದ್ದರೆ ಹೆಣೆಯುವ ಕೈಯ ತಿರುವಿಗೆ ತಿರುಪು ತಾನಾಗಿಯೇ ಸಡಿಲಿ, ತುದಿ ಕಳಚಿ, ಹತ್ತಾರು ಕುಣಿಕೆಗಳು ಒಮ್ಮೆಲೇ ಜಾರುತ್ತವೆ. ಹನ್ನೆರಡು ವರುಷದ ಹುಡುಗಿಗೆ ಒಂದು ವಾರದ ಕೆಲಸ ಹೀಗೆ ಬಿಚ್ಚಿಹೋಗುವದು ಸಣ್ಣ ದುಃಖವಲ್ಲ. ಸಂದಿಯು ನಯವಾಗಿಲ್ಲದಿದ್ದರೆ ನೂಲು ಅಲ್ಲಿ ಸಿಕ್ಕಿಕೊಂಡು ಎಳೆ ಬಿಡುವದು. ಕೇಬಲು ಸುರುಳಿಯಾಗಿಯೇ ನಿಂತು ಕಾಡುವದೂ ಉಂಟು. ಅದನ್ನು ಕೆಲವು ನಿಮಿಷ ಬಿಸಿನೀರಲ್ಲಿ ಅದ್ದಿ ನೇರಮಾಡಿದರೆ ಸರಿಹೋಗುತ್ತದೆ. ಕೀಲಿಯಂತೂ ಕಳೆದುಹೋಗುವದಕ್ಕಾಗಿಯೇ ಹುಟ್ಟಿದ ವಸ್ತು. ಅದನ್ನು ದಾರ ಕಟ್ಟಿ ಚೀಲಕ್ಕೆ ಹೊಲಿದಿಡುವದು ಲೇಸು.

ಕುಲಾವಿಯ ಪರೀಕ್ಷೆಯಲ್ಲಿ ಈ ಸೆಟ್ಟು ಹೇಗೆ ನಿಂತಿತು? ಸುತ್ತ ಹೆಣೆಯುವ ಕೆಲಸದಲ್ಲಿ ಕುಣಿಕೆಗಳನ್ನು ಒತ್ತೊತ್ತಾಗಿ ಕೂಡಿಸಬಹುದು, ಆದರೆ ಹಿಗ್ಗಿಸಲಾಗದು. ಅಂದರೆ ಕಡ್ಡಿಯ ಒಟ್ಟು ಉದ್ದವು ಬಟ್ಟೆಯ ಸುತ್ತಳತೆಗಿಂತ ಕಡಿಮೆ ಇರಬೇಕು. ಸಾಧಾರಣ ತುದಿಗಳು ಸುಮಾರು 12 ರಿಂದ 13 ಸೆಂಟಿಮೀಟರು ಉದ್ದ. 35 ಸೆಂಟಿಮೀಟರಿನ ಕೇಬಲಿಗೆ ಎರಡನ್ನು ಕೂಡಿಸಿದರೆ 60 ಆಯಿತು. ಗಿಡ್ಡ ತುದಿಗಳಿಂದ 40ಕ್ಕೆ ಇಳಿಯಬಹುದು. ಆದರೆ ತಿಂಗಳು ತುಂಬಿ ಹುಟ್ಟಿದ ಕೂಸಿನ ತಲೆಯ ಸುತ್ತಳತೆಯೇ ಸುಮಾರು 34 ಸೆಂಟಿಮೀಟರು. ದಿನ ತುಂಬದ ಕೂಸಿನದು ಇನ್ನೂ ಕಡಿಮೆ. ಹಾಗಾದರೆ ಈ ಕೆಲಸಕ್ಕೆ ಸೆಟ್ಟಿನ ಅತಿ ಚಿಕ್ಕ ಜೋಡಣೆಯೂ ದೊಡ್ಡದೇ. 80 ಅಥವಾ 100 ಸೆಂಟಿಮೀಟರಿನ ಉದ್ದ ಕೇಬಲನ್ನು ನಡುವೆ ಕುಣಿಕೆಯಾಗಿ ಹೊರಗೆಳೆದು, ಅರ್ಧರ್ಧ ಹೆಣೆಯುವ ಒಂದು ಉಪಾಯವುಂಟು. ಜಾಣೆಯರು ಅದನ್ನು ಒಂದು ವಾರದಲ್ಲಿ ಕಲಿತರು, ಉಳಿದವರು ತಬ್ಬಿಬ್ಬಾದರು. ಅವರು ಎರಡು ನೀಳ ಕಡ್ಡಿಗಳಲ್ಲಿ ಚಪ್ಪಟೆಯಾಗಿ ಹೆಣೆದು, ಮೃದುವಾದ ಒಂದು ಹೊಲಿಗೆಯಿಂದ ಹಿಂದೆ ಕೂಡಿಸಿದ ಕುಲಾವಿಗಳು ಕೂಸಿನ ತಲೆಗೆ ಒಂದಿಷ್ಟೂ ಕಡಿಮೆ ಬೆಚ್ಚಗಿಲ್ಲ. ತೀರ ತೆಳುವಾದ ಕಾಲುಚೀಲದ ಕೆಲಸಕ್ಕೂ ಹೀಗೆಯೇ. ಅಷ್ಟು ಸಣ್ಣ ಕಡ್ಡಿಯಲ್ಲಿ ತಿರುಪನ್ನು ಕೂಡ್ರಿಸುವದು ಕಷ್ಟವಾದದರಿಂದ ಸಾಮಾನ್ಯ ಸೆಟ್ಟುಗಳಲ್ಲಿ ಆ ಅಳತೆಗಳು ಇರುವದಿಲ್ಲ.

ಆದಾಗ್ಯೂ ಕೊಳ್ಳಬೇಕೆಂದಿರುವವರಿಗೆ ನಾಲ್ಕು ಮಾತು. ಸಂಖ್ಯೆಯನ್ನು ನಂಬದೆ ಮಿಲಿಮೀಟರನ್ನು ನೋಡಿರಿ. ಹಳೆಯ ಬ್ರಿಟಿಷ್ ಕ್ರಮದಲ್ಲಿ ಸಂಖ್ಯೆ ಏರಿದಷ್ಟೂ ಕಡ್ಡಿ ಸಣ್ಣದು, ಅಮೇರಿಕದ ಕ್ರಮದಲ್ಲಿ ಏರಿದಷ್ಟೂ ದಪ್ಪ. 4 ಮಿಲಿಮೀಟರಿನ ಕಡ್ಡಿಯು ಮೊದಲನೆಯದರಲ್ಲಿ 8, ಎರಡನೆಯದರಲ್ಲಿ 6, 4.5 ಮಿಲಿಮೀಟರಿನಲ್ಲಿ ಮಾತ್ರ ಎರಡೂ 7 ಎಂದು ಒಂದಾಗುತ್ತವೆ. ಪರದೇಶದ ಮಾದರಿ ಪುಸ್ತಕ ನೋಡಿ ನಮ್ಮ ಪೇಟೆಯಲ್ಲಿ ಸಂಖ್ಯೆ ಹೇಳಿ ಕೇಳುವವರು ಮೋಸಹೋಗುವದು ಇಲ್ಲಿಯೇ. ಎರಡನೆಯದಾಗಿ, ಸಂದಿಯ ಮೇಲೆ ಉಗುರನ್ನು ಓಡಿಸಿ ನೋಡಿರಿ. ಉಗುರು ತಡೆದರೆ ನೂಲೂ ತಡೆಯುವದು. ಮೂರನೆಯದಾಗಿ, ಕಲಿಯುವವರಿಗೆ ಮರದ ಅಥವಾ ಬಿದಿರಿನ ತುದಿಯೇ ಒಳ್ಳೇದು. ಅದರ ಮೇಲೆ ಕುಣಿಕೆ ಜಾರದು. ನುಣುಪಾದ ಲೋಹದ ತುದಿಯು ವೇಗವಾಗಿ ಹೆಣೆಯುವ ಪಳಗಿದ ಕೈಗೆ ತಕ್ಕದ್ದು. ನಾಲ್ಕನೆಯದಾಗಿ, ಬೇರೆ ಬೇರೆ ತಯಾರಕರ ತಿರುಪುಗಳು ಒಂದಕ್ಕೊಂದು ಕೂಡುವವೆಂಬ ನಂಬಿಕೆ ಇಲ್ಲ. ಬಿಡಿ ಕೇಬಲು ಮುಂದೆಯೂ ಸಿಕ್ಕುವಂಥಾದ್ದನ್ನೇ ಆರಿಸಿರಿ.

ಇದಕ್ಕಾಗಿ ಪರದೇಶದ ಕಡೆಗೆ ನೋಡಬೇಕಾದ ಅವಶ್ಯವಿಲ್ಲ. ಜೈಪುರದ ನಿಟ್‌ಪ್ರೊ ಕಡ್ಡಿಗಳು ನಮ್ಮ ದೇಶದಲ್ಲಿಯೇ ತಯಾರಾಗಿ ಹೊರದೇಶಗಳಿಗೂ ಹೋಗುತ್ತವೆ. ಪೋನಿ ಎಂಬ ಹೆಸರಿನ ಕಡ್ಡಿಗಳು ನೀಲಗಿರಿಯ ಕೇತಿಯಲ್ಲಿ 1949ರಲ್ಲಿ ಸ್ಥಾಪಿತವಾದ ಸೂಜಿ ಕಾರಖಾನೆಯವು. ಕೇತಿ ಎಂದರೆ 1846ರಲ್ಲಿ ಬಾಸೆಲ್ ಮಿಶನ್ನಿನವರು ನೆಲೆಮಾಡಿದ ಸ್ಥಳವೆಂಬದು ನಮ್ಮ ಸಭೆಗಳ ಹಿರಿಯರಿಗೆ ಗೊತ್ತಿದ್ದ ಮಾತೇ.

ಈಗ ಮೂಲ ಪ್ರಶ್ನೆಗೆ ಬರುವೆವು. ಒಳ್ಳೇ ಸೆಟ್ಟೊಂದಕ್ಕೆ ಹಲವು ಸಾವಿರ ರೂಪಾಯಿ ಬೇಕು. ಅಲ್ಯುಮಿನಿಯಮ್ಮಿನ ಒಂದು ಜೊತೆ ನೀಳ ಕಡ್ಡಿಗೆ ನೂರು ರೂಪಾಯಿಯೂ ಬೇಡ. ನಮ್ಮ ಹುಡುಗಿಯರಲ್ಲಿ ಅಕ್ಕಿ ಗಿರಣಿಯ ಒಡೆಯರ ಮಕ್ಕಳಿದ್ದಾರೆ. ಅದೇ ಗಿರಣಿಯಲ್ಲಿ ಮೂಟೆ ಹೊರುವವರ ಮಕ್ಕಳೂ, ಕೂಲಿಗೆ ನಾಟಿ ಹಚ್ಚುವ ತಾಯಂದಿರ ಮಕ್ಕಳೂ ಇದ್ದಾರೆ. ಒಂದೇ ಬೆಂಚಿನಲ್ಲಿ ಒಬ್ಬಳ ಮಡಿಲಲ್ಲಿ ಬಣ್ಣಬಣ್ಣದ ತುದಿಗಳ ಚೀಲವೂ ಪಕ್ಕದವಳ ಕೈಯಲ್ಲಿ ಬರಿಯ ಎರಡು ಕಡ್ಡಿಗಳೂ ಇದ್ದರೆ, ಕೈಗೆಲಸದ ತರಗತಿಯು ಕೈಯನ್ನು ನೋಡದೆ ಚೀಲವನ್ನು ನೋಡಲು ಕಲಿಸುವದು. ಸಮವಸ್ತ್ರದಿಂದ ನಾವು ಬಾಗಿಲಲ್ಲಿ ತಡೆದ ಭೇದವನ್ನು ಕಡ್ಡಿಯ ಚೀಲದ ಮೂಲಕ ಒಳಗೆ ಕರಕೊಳ್ಳಲು ನಮಗೆ ಮನಸ್ಸಿಲ್ಲ. ಯೊಪ್ಪದ ದೊರ್ಕಳು ವಿಧವೆಯರಿಗೆ ಅಂಗಿಗಳನ್ನು ಮಾಡಿಕೊಟ್ಟದ್ದು ಇಂದಿಗೂ ನೆನಪಿನಲ್ಲಿದೆ. ಅವಳ ಸೂಜಿ ಎಂಥಾದ್ದೆಂದು ಯಾರೂ ಬರೆದಿಡಲಿಲ್ಲ.

ಆದಕಾರಣ ನಮ್ಮ ನಿರ್ಧಾರವು ಇದು: ಪ್ರತಿ ಹುಡುಗಿಗೂ 4 ಮಿಲಿಮೀಟರಿನ ಒಂದು ಜೊತೆ ನೀಳ ಕಡ್ಡಿ ಸಾಕು; ಕೊಳ್ಳಲಾರದವರಿಗೆ ಶಾಲೆಯೇ ಕೊಡುವದು. ಬಿಡಿ ತುದಿಯ ಸೆಟ್ಟುಗಳು ಶಾಲೆಯ ಕಪಾಟಿನಲ್ಲಿ ನಾಲ್ಕು ಇರಲಿ. ಶಾಲು, ಸ್ವೆಟರುಗಳಂಥ ದೊಡ್ಡ ಕೆಲಸಕ್ಕೆ ಕೈಹಾಕುವ ಒಂಬತ್ತು ಹತ್ತನೆಯ ತರಗತಿಯವರು ಪುಸ್ತಕದಂತೆ ಬರೆಯಿಸಿ ಒಯ್ಯಲಿ. ಯಾವ ತಾಯಿಯೂ ಇದಕ್ಕಾಗಿ ಸಾಲ ಮಾಡತಕ್ಕದ್ದಲ್ಲ. ಶಾಲೆ ಬಿಟ್ಟ ಮೇಲೂ ಹೆಣಿಗೆಯನ್ನು ಬಿಡದವಳು ತನ್ನ ಸಂಪಾದನೆಯಿಂದ ಸೆಟ್ಟನ್ನು ಕೊಂಡರೆ ನಾವು ಸಂತೋಷಪಡುವೆವು. ಅದು ಅವಳಿಗೆ ಬಹುಕಾಲ ದುಡಿಯುವದು.

ಸೆಟ್ಟುಗಳನ್ನು ಕಳುಹಿಸುವೆವೆಂದ ನಮ್ಮ ಹಳೆಯ ಮಕ್ಕಳ ಪ್ರೀತಿಗೆ ನಾವು ಕೃತಜ್ಞರು. ಒಂದು ಸದ್ಯಕ್ಕೆ ನಮ್ಮಲ್ಲಿದೆ, ಇನ್ನು ಮೂರು ಬೇಕು. ಅದಕ್ಕೂ ಮೀರಿ ಕೊಡಬೇಕೆಂಬ ಮನಸ್ಸಿದ್ದವರು ಮೆತ್ತನೆಯ ಹತ್ತಿಯ ನೂಲನ್ನು ಕಳುಹಿಸಲಿ. ಕಡ್ಡಿಯು ಕಪಾಟಿನಲ್ಲಿ ಉಳಿಯುವದು, ನೂಲು ಕುಲಾವಿಯಾಗಿ ಕೂಸಿನ ತಲೆಗೆ ಹೋಗುವದು.